ಕ್ಯಾಥರಿನಮ್ಮನ ಮನೆಯ ತಲೆನೋವು

ಸೂರ್ಯ ಹುಟ್ಟುವ ಮುಂಚೆ ಹಾಲಿನಲ್ಲಿ ಅದ್ದಿದ ಜಿಲೇಬಿ ತಿಂದರೆ ಅರ್ಧತಲೆನೋವು ಓಡಿಹೋಗುತ್ತದೆ ಎಂದು ಜ್ಞಾನಪ್ರಕಾಶ ಮಾಸ್ತರರಿಗೆ ಹೇಳಿದವರು ಮಿಠಾಯಿ ಅಂಗಡಿಯ ಮುನೀರೋದ್ದೀನ ಸಾಹೇಬರು. ಮಿಠಾಯಿ ಮಾರುವವರು ಮಿಠಾಯಿಯನ್ನೇ ಮದ್ದು ಎನ್ನದೆ ಬೇವಿನ ಸೊಪ್ಪು ಎನ್ನುತ್ತಾರೆಯೇ? ಜೀವಮಾನವೆಲ್ಲ ಗಣಿತ ಕಲಿಸಿ ನಿವೃತ್ತರಾದ ಮಾಸ್ತರರಿಗೆ ಇಷ್ಟು ಸಣ್ಣ ಲೆಕ್ಕ ಹೊಳೆಯಲಿಲ್ಲ. ಹಿಂದಿನ ಸಂಜೆಯೇ ತಂದು ಮುಚ್ಚಿಟ್ಟಿದ್ದ ಜಿಲೇಬಿಯನ್ನು ಬಟ್ಟಲಿಗೆ ಹಾಕಿ, ಮೇಲೆ ಬಿಸಿ ಹಾಲು ಸುರಿದು, ಸೊಸೆಯ ಕೋಣೆಯ ಬಾಗಿಲು ಬಡಿದರು.

“ಏಳವ್ವಾ ಫೇತ, ಹೊತ್ತು ಹುಟ್ಟತದ. ಲಗೂ ತಿನ್ನು.”

ಫೇತ ಕಣ್ಣುಜ್ಜುತ್ತ ಹೊರಗೆ ಬಂದಳು. “ಮಾವಾರ, ಇವತ್ತ ನೋವಿಲ್ರಿ.”

“ಇಲ್ದಾಗೇ ತಿನ್ಬೇಕಂತ. ಬಂದ ಮ್ಯಾಲ ತಿಂದ್ರ ಏನು ಉಪಯೋಗ?”

ಅಡುಗೆಮನೆಯಲ್ಲಿದ್ದ ಮಾಸ್ತರರ ಹೆಂಡತಿ ಕ್ಯಾಥರಿನಮ್ಮ ಸುಮ್ಮನಿರಲಿಲ್ಲ. “ಹಲ್ಲು ತಿಕ್ಕಿಲ್ಲ, ಮುಖ ತೊಳದಿಲ್ಲ, ಹುಡುಗಿ ಬಾಯಾಗ ಜಿಲೇಬಿ ತುರಕ್ತೀರಿ. ನಾಳಿ ಸಕ್ರಿ ಬ್ಯಾನಿ ಬಂದ್ರ ಅದಕ್ಕೂ ಮುನೀರೋದ್ದೀನ ಸಾಹೇಬರ ಹತ್ರನೇ ಔಷಧ ಕೇಳ್ರಿ.”

“ನಿನ್ನ ಔಷಧ ನೋಡೀನಲ್ಲ,” ಎಂದರು ಮಾಸ್ತರರು. “ಬ್ಯಾಸಗಿಯಿಂದ ನಡದದ. ನೋವು ಹೋತೇನು?”

ಕ್ಯಾಥರಿನಮ್ಮನ ಔಷಧವೆಂದರೆ ಪ್ರಾರ್ಥನೆ. ಮೈಲೂರಿನ ಆ ಓಣಿಯಲ್ಲಿ ಅವರು ಚರ್ಚಿನ ಮಹಿಳಾ ಸಂಘದ ಹಿರಿಯರು. ಶುಕ್ರವಾರ ಬೆಳಗಿನಿಂದ ಉಪವಾಸವಿದ್ದು ಸಂಜೆ ಐದಕ್ಕೆ ಕೂಡಿ ಪ್ರಾರ್ಥಿಸುವುದು ಆ ಸಂಘದ ಹಳೆಯ ಪದ್ಧತಿ. ಅವರ ಅತ್ತೆಯ ಕಾಲದಿಂದ ಬಂದದ್ದು. ಮೊದಲು ಅದು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ನಡೆಯುತ್ತಿತ್ತು. ಬೇಸಿಗೆಯಲ್ಲಿ ಒಂದು ದಿನ ಫೇತ ತಲೆಯ ಎಡಭಾಗ ಹಿಡಿದುಕೊಂಡು, ವಾಂತಿ ಮಾಡಿಕೊಂಡು, ಬೆಳಕು ಕಂಡರೆ ಕಿರುಚುವ ಹಾಗೆ ಆದಾಗ ಕ್ಯಾಥರಿನಮ್ಮ ಹೆದರಿಬಿಟ್ಟರು. ಆಕೆಗೆ ಹೆಣ್ಣುಮಕ್ಕಳಿಲ್ಲ. ಮಗ ಬೆಂಜಮಿನ ಒಬ್ಬನೇ. ಭಾಲ್ಕಿಯಿಂದ ಬಂದ ಈ ಹುಡುಗಿಯನ್ನು ಆಕೆ ಸೊಸೆ ಎಂದು ತಂದುಕೊಂಡು ಮಗಳ ಹಾಗೆ ಹಚ್ಚಿಕೊಂಡಿದ್ದರು. ಅಂದಿನಿಂದ ಶುಕ್ರವಾರದ ಕೂಟ ಇವರ ಮನೆಗೇ ಬಂತು, ಹೆಂಗಸರೆಲ್ಲ ಫೇತಳ ಹೆಸರಿನಲ್ಲೇ ಹೊಟ್ಟೆ ಕಟ್ಟಿ ಕೂರತೊಡಗಿದರು. ತನ್ನ ಸಲುವಾಗಿ ನಡೆಯುವ ಉಪವಾಸವೆಂದು ಫೇತಳೂ ಕೂಡಿಕೊಂಡಳು.

ಆದರೆ ನೋವು ಕಡಿಮೆಯಾಗಲಿಲ್ಲ. ಹುಡುಗಿಯಾಗಿದ್ದಾಗ ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತಿದ್ದದ್ದು ಈಗ ವಾರಕ್ಕೊಮ್ಮೆ ಬರತೊಡಗಿತು. ಫೇತ ಜನವಾಡದ ಖಾಸಗಿ ಶಾಲೆಯಲ್ಲಿ ಟೀಚರ್. ಶನಿವಾರದ ಅರ್ಧ ದಿನದ ಶಾಲೆಗೆ ಹೋಗುವುದು ತಪ್ಪುತ್ತ ಬಂದು, ಹೆಡ್‌ಮಿಸ್ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. ಸಂಘದ ಸಾರಮ್ಮನ ಅಭಿಪ್ರಾಯ ಬೇರೆಯೇ ಇತ್ತು. “ಸೈತಾನ ಬಿಡಲೊಲ್ಲ ಅಕ್ಕಾ. ನಾವು ಜಗ್ಗಿದಂಗ ಅವನೂ ಜಗ್ಗಲಾಕತ್ಯಾನ.”

ಡಾಕ್ಟರಿಗೂ ತೋರಿಸಿದ್ದರು. ಅವರು ಮೈಗ್ರೇನ್ ಎಂದು ಹೆಸರು ಹೇಳಿ ಗುಳಿಗೆ ಬರೆದುಕೊಟ್ಟು, “ಹೊತ್ತಿಗೆ ಸರಿಯಾಗಿ ಊಟ ಮಾಡ್ಬೇಕು, ಹೊತ್ತಿಗೆ ಸರಿಯಾಗಿ ನಿದ್ದಿ ಮಾಡ್ಬೇಕು,” ಎಂದಿದ್ದರು. ಎಲ್ಲ ಡಾಕ್ಟರರೂ ಎಲ್ಲ ಬೇನೆಗೂ ಹೇಳುವ ಮಾತು. ಕ್ಯಾಥರಿನಮ್ಮನಿಗೆ ಮಾತ್ರ ಅದು ಚುಚ್ಚಿತು. ಹೊರಗೆ ಬಂದ ಕೂಡಲೇ ಮಗನಿಗೆ, “ನಮ್ಮ ಮನ್ಯಾಗ ಸೊಸಿಗಿ ಊಟ ಹಾಕಂಗಿಲ್ಲಂತ ತಿಳಕೊಂಡಾರೇನೋ ಅವರು?” ಎಂದು ಜಗಳ ತೆಗೆದಿದ್ದರು.

ಬೆಂಜಮಿನನದು ಮೋಟಾರ್ ರಿಪೇರಿ ಅಂಗಡಿ. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿ ತಿರುಗಿಸುವುದು ಅವನ ಕೆಲಸ. ಕೈಯಲ್ಲಿ ಗ್ರೀಸ್ ಇರುವಾಗಲೂ ಬೆರಳಿನ ಗೆಣ್ಣಿನಿಂದ ಮೊಬೈಲ್ ಒತ್ತಿ ಅವನು ಮನೆಮದ್ದು ಹುಡುಕುತ್ತಿದ್ದ. ಅದರಂತೆ ಮನೆಗೆ ಶುಂಠಿ ಚಹಾ ಬಂತು, ಪುದೀನ ಎಣ್ಣೆ ಬಂತು, ಹಣೆಗೆ ತಣ್ಣೀರ ಬಟ್ಟೆ ಬಂತು. ಮಾಸ್ತರರು ಶುಂಠಿ ಚಹಾದ ಮೇಲೆ ಜಿಲೇಬಿ ಹಾಲು ಕೊಡಿಸುತ್ತಿದ್ದರು. ಒಬ್ಬರು ಖಾರ ಕುಡಿಸಿದರೆ ಇನ್ನೊಬ್ಬರು ಸಿಹಿ ತಿನ್ನಿಸುವುದು, ಮೂರನೆಯವರು ಏನೂ ತಿನ್ನಬೇಡ ಎನ್ನುವುದು. ಯಾವ ಮದ್ದು ಯಾವುದಕ್ಕೆ ತಾಗಿತು, ಯಾವುದು ಯಾವುದನ್ನು ಕೆಡಿಸಿತು ಎಂಬುದು ದೇವರಿಗೇ ಗೊತ್ತಾಗಬೇಕಿತ್ತು. ಫೇತ ಮಾತ್ರ ಕೊಟ್ಟದ್ದನ್ನೆಲ್ಲ “ಹೂಂನ್ರಿ” ಎಂದು ನುಂಗುತ್ತಿದ್ದಳು.

ದಸರಾ ರಜೆಗೆ ಅವಳು ತವರಿಗೆ ಹೋದಳು. ರಜೆ ಮುಗಿಸಿ ಬರುವಾಗ ಕೆನ್ನೆ ತುಂಬಿಕೊಂಡಿದ್ದವು. ಹಿಂದೆಯೇ ಅವಳ ತಾಯಿ ಎಸ್ತೇರಮ್ಮನ ಫೋನು.

“ಇಷ್ಟು ದಿನ ಇದ್ಳಲ್ರಿ ಅಕ್ಕಾರ, ಒಂದ್ ಸಲ ಸುದ್ದಾ ತಲಿ ನೋವು ಬರಲಿಲ್ಲ. ನಮ್ಮ ಮನ್ಯಾಗ ಆರಾಮ ಇರ್ತಾಳ ನೋಡ್ರಿ.”

“ಛಲೋ ಆಯ್ತಲ್ರಿ,” ಎಂದರು ಕ್ಯಾಥರಿನಮ್ಮ.

“ಅಲ್ಲಾ, ನಾ ಏನ್ ಅಂತೇನಿ ಅಂದ್ರ, ಇಲ್ಲಿ ಸಾಲಿನ್ಯಾಗ ಒಂದು ಟೀಚರ್ ಜಾಗಾ ಖಾಲಿ ಆಗ್ಲಾಕತ್ತದ. ಕ್ರಿಸ್ಮಸ್ ಆದ ಮ್ಯಾಲ ತಗೋತಾರಂತ. ಅಳಿಯಂದ್ರ ಅಂಗಡಿ ಭಾಲ್ಕಿನ್ಯಾಗೂ ನಡೀತದ. ಪೋರಿ ಜೀವ ಮುಖ್ಯ ಅಲ್ರೀ?”

ಕ್ಯಾಥರಿನಮ್ಮ ಫೋನು ಇಟ್ಟರು. ಮಗಳಿಗೆ ನಿಮ್ಮ ಮನೆಯೇ ತಲೆನೋವು ಎಂದು ಬೀಗತಿ ಎಷ್ಟು ನಯವಾಗಿ ಹೇಳಿದಳು! ಅದಕ್ಕಿಂತ ಕೆಟ್ಟದ್ದೆಂದರೆ, ಅದು ಸುಳ್ಳು ಎನ್ನುವಂತಿರಲಿಲ್ಲ. ಅಲ್ಲಿ ನೋವಿಲ್ಲ, ಇಲ್ಲಿ ಬಂದರೆ ನೋವು. ಹಾಗಾದರೆ ಈ ಮನೆಯಲ್ಲಿ ಏನೋ ಇದೆ.

ಮರುದಿನದಿಂದ ಆಕೆ ಮನೆಯನ್ನು ಬೆನ್ನು ಹತ್ತಿದರು. ಕುಸುಬೆ ಎಣ್ಣೆ ಹೋಗಿ ಶೇಂಗಾ ಎಣ್ಣೆ ಬಂತು. ಒಗ್ಗರಣೆಯ ಘಾಟು ತಾಗಬಾರದೆಂದು ಒಲೆ ಹಿತ್ತಲಿನ ಕಟ್ಟೆಗೆ ಹೋಯಿತು. ಫಿನಾಯಿಲ್ ನಿಂತಿತು. ಫೇತಳ ಹಾಸಿಗೆಯ ದಿಕ್ಕು ಬದಲಾಯಿತು, ಹೊಸ ದಿಕ್ಕಿನಲ್ಲಿ ಕಣ್ಣಿಗೆ ಬಿಸಿಲು ಬೀಳುತ್ತದೆಂದು ಮತ್ತೆ ಹಳೆಯ ದಿಕ್ಕಿಗೆ ಬಂತು.

“ಏನ್ ಹುಡುಕ್ಲಾಕತ್ತಿ ಅವ್ವಾ?” ಎಂದು ಬೆಂಜಮಿನ ಕೇಳಿದ.

“ನನಗೇನ್ ಗೊತ್ತು? ಸಿಕ್ಕ ಮ್ಯಾಲ ಹೇಳ್ತೇನಿ.”

“ನಾವು ಭಾಲ್ಕಿಗಿ ಹೋದ್ರ ಏನಾಗ್ತದ? ತಾಸಿನ ಹಾದಿ. ಆಯಿತವಾರ ಆಯಿತವಾರ ಬರ್ತೇವಿ.”

ಕ್ಯಾಥರಿನಮ್ಮ ಕೈಯಲ್ಲಿದ್ದ ಕಸಬರಿಗೆ ಇಳಿಸಲಿಲ್ಲ. “ಬರ್ತೀರಿ. ಬೀಗರ ಮನಿಗಿ ಬಂದಂಗ ಬರ್ತೀರಿ, ಚಹಾ ಕುಡದು ಹೋಗ್ತೀರಿ,” ಎಂದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕಸ ಗುಡಿಸುವುದನ್ನು ಮುಂದುವರಿಸಿದರು.

ನವೆಂಬರಿನಲ್ಲಿ ಆಕೆಗೆ ತನ್ನ ತವರೂರು ಎಕಂಬಾದ ಅನುಸೂಯಾಬಾಯಿಯ ನೆನಪಾಯಿತು. ಅನುಸೂಯಾಬಾಯಿ ಬಾಲ್ಯದ ಗೆಳತಿ, ಪಕ್ಕದ ಹೊಲದವರು, ನಿತ್ಯ ಲಿಂಗಪೂಜೆ ಮಾಡುವವರು. ಒಣಶುಂಠಿ, ಲವಂಗ, ಕೊತ್ತಂಬರಿ ಬೀಜ ತೇಯ್ದು ಆಕೆ ಮಾಡುವ ಲೇಪಕ್ಕೆ ಸುತ್ತಲಿನ ಹಳ್ಳಿಯವರೆಲ್ಲ ಬರುತ್ತಿದ್ದರು. ಕ್ಯಾಥರಿನಮ್ಮ ಅಲ್ಲಿಗೆ ಹೋಗಲು ಗುರುವಾರ ಔರಾದದ ಬಸ್ಸು ಹತ್ತಿದರು. ಹೋಗುವ ಮುಂಚೆ ಸಾರಮ್ಮನಿಗೆ, “ಈ ಶುಕ್ರವಾರ ನಮ್ಮ ಮನ್ಯಾಗ ಕೂಟ ಬ್ಯಾಡ, ನಿಮ್ಮ ನಿಮ್ಮ ಮನ್ಯಾಗೇ ಪ್ರಾರ್ಥನಾ ಮಾಡ್ರಿ,” ಎಂದು ಹೇಳಿದರು. ಫೇತಳಿಗೂ, “ನಾ ಇಲ್ಲ, ಮನಿ ಕೆಲಸ ನಿನ್ನ ಮ್ಯಾಲ ಬೀಳ್ತದ, ನೀ ಈ ವಾರ ಉಂಡ್ಕೊಂಡಿರು,” ಎಂದರು.

ಶನಿವಾರ ಮಧ್ಯಾಹ್ನ ಲೇಪದ ಡಬ್ಬಿಯನ್ನು ಎದೆಗೆ ಅವಚಿಕೊಂಡು ಮನೆಗೆ ಬಂದರೆ, ಕಟ್ಟೆಯ ಮೇಲೆ ಸುಡುಬಿಸಿಲಿನಲ್ಲಿ ಫೇತ ಬಟ್ಟೆ ಒಗೆಯುತ್ತಿದ್ದಳು. ಅಷ್ಟೇ ಅಲ್ಲ, ಹಾಡುತ್ತಿದ್ದಳು.

“ನೋವು?”

“ಬರಲೇ ಇಲ್ರಿ ಅತ್ತಿ!”

ಒಳಗಿನಿಂದ ಮಾಸ್ತರರು ಎದೆಯುಬ್ಬಿಸಿ ಬಂದರು. “ಜಿಲೇಬಿ! ಎಂಟು ದಿನ ಬಿಡದಂಗ ತಿನ್ನಿಸೀನಿ. ಮುನೀರೋದ್ದೀನಗ ಹೋಗಿ ಹೇಳ್ಬೇಕು.”

“ಜಿಲೇಬಿ ಅಲ್ಲಪ್ಪಾ, ಶುಂಠಿ ಚಹಾ,” ಎಂದ ಬೆಂಜಮಿನ. “ನಿನ್ನಿ ಸಾಲಿಗಿ ಫ್ಲಾಸ್ಕಿನ್ಯಾಗ ಹಾಕಿ ಕಳಿಸಿದ್ದೆ.”

ಅಪ್ಪ ಮಗ ಹೊಸ್ತಿಲಲ್ಲೇ ವಾದಕ್ಕೆ ನಿಂತರು. ಕ್ಯಾಥರಿನಮ್ಮನಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ತಾನು ಅಷ್ಟು ದೂರದ ಬಸ್ಸಿನಲ್ಲಿ ನಜ್ಜುಗುಜ್ಜಾಗಿ ತಂದ ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆಯೇ ನೋವು ಹೋಯಿತಲ್ಲ ಎಂಬ ಸಣ್ಣ ಸಿಟ್ಟೂ ಬಂತು. ಆ ಸಿಟ್ಟಿಗೆ ನಾಚಿಕೊಂಡು ಆಕೆ ಜೋರಾಗಿ ಹೇಳಿದರು, “ಜಿಲೇಬಿನೂ ಅಲ್ಲ, ಚಹಾನೂ ಅಲ್ಲ. ಕರ್ತನು ಪ್ರಾರ್ಥನಾ ಕೇಳ್ಯಾನ. ಬರೋ ಶುಕ್ರವಾರ ಎಲ್ಲಾರೂ ಕೂಡಿ ಸ್ತುತಿ ಉಪವಾಸ ಮಾಡಮು. ಈ ಸಲ ನೀರು ಸುದ್ದಾ ಮುಟ್ಟಬಾರದು.”

ಹಿಂಡುತ್ತಿದ್ದ ಸೀರೆ ಫೇತಳ ಕೈಯಿಂದ ಬಕೀಟಿಗೆ ಜಾರಿತು. “ಹೂಂನ್ರಿ,” ಎಂದಳು.

ಆ ಶುಕ್ರವಾರ ಮನೆ ತುಂಬ ಹೆಂಗಸರು. ಗುಣವಾದದ್ದಕ್ಕೆ ಸ್ತೋತ್ರ ಹೇಳಲು ಬಂದವರು. ಫೇತ ಶಾಲೆಯಿಂದ ಬಂದು ಕೈಕಾಲು ತೊಳೆದು ಚಾಪೆಯ ತುದಿಗೆ ಕೂತಳು. ಮೊದಲ ಹಾಡು ಮುಗಿಯುವಷ್ಟರಲ್ಲಿ ಅವಳ ಎಡಗಣ್ಣು ಮುಚ್ಚಿಕೊಂಡಿತ್ತು. ಸಾರಮ್ಮ ಎದ್ದು ನಿಂತು, “ನಮ್ಮ ಮಗಳಿಗಿ ಸೌಖ್ಯ ಕೊಟ್ಟಿ ಕರ್ತನೇ,” ಎಂದು ದನಿ ಎತ್ತಿದಾಗ ಫೇತ ಎರಡೂ ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಓಡಿದಳು. ಹೊಟ್ಟೆಯಲ್ಲಿ ಏನೂ ಇಲ್ಲದ ವಾಂತಿಯ ಸದ್ದು ಒಳಗಿನಿಂದ ಎಲ್ಲರಿಗೂ ಕೇಳಿಸಿತು. ಅನುಸೂಯಾಬಾಯಿಯ ಲೇಪ ಹಚ್ಚಿದರು. ಅದರ ಲವಂಗದ ವಾಸನೆಗೆ ಅವಳು ಇನ್ನಷ್ಟು ವಾಂತಿ ಮಾಡಿಕೊಂಡಳು. ಹೆಂಗಸರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು.

ಭಾನುವಾರ ಆರಾಧನೆಯಿಂದ ಬಂದು ಊಟಕ್ಕೆ ಕೂತಾಗ ಬೆಂಜಮಿನ ತಟ್ಟೆ ನೋಡುತ್ತಲೇ ಹೇಳಿದ, “ಬರೋ ಶನಿವಾರ ನಾವಿಬ್ಬರೂ ಭಾಲ್ಕಿಗಿ ಹೋಗ್ತೇವಿ. ಸಾಲಿಯವರ ಜೋಡಿ ಮಾತಾಡಿ ಬರ್ತೇವಿ.”

“ಮಾತಾಡಿ ಬರ್ತೀರೋ, ಪಕ್ಕಾ ಮಾಡಿ ಬರ್ತೀರೋ?” ಎಂದರು ಮಾಸ್ತರರು.

“ಪಕ್ಕಾ ಮಾಡೇ ಬರ್ತೇವಿ. ಇನ್ನ ನೋಡಲಾಕ ಆಗಂಗಿಲ್ಲ ನನಗ.”

ಕ್ಯಾಥರಿನಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಿಟ್ಟರು. “ಫೇತ, ನೀ ಹೇಳು. ನಾ ಏನ್ ತಪ್ಪು ಮಾಡೀನಿ? ಎಣ್ಣಿ ಬದಲಿ ಮಾಡಿದೆ, ಒಲಿ ಹೊರಗ ಇಟ್ಟೆ. ನಮ್ಮ ಮನಿ ನಿನಗ ಯಾಕ ಆಗಿ ಬರವಲ್ದು?”

“ಮನಿ ಅಲ್ರಿ ಅತ್ತಿ.”

“ಮತ್ತೇನು?”

ಫೇತ ಗಂಡನನ್ನು ನೋಡಿದಳು, ಮಾವನನ್ನು ನೋಡಿದಳು. ಕೊನೆಗೆ ಅನ್ನದ ಕಡೆ ನೋಡುತ್ತ, “ಶುಕ್ರವಾರ,” ಎಂದಳು.

ಯಾರಿಗೂ ತಿಳಿಯಲಿಲ್ಲ.

“ನನಗ ಹಸಿವಿ ತಡಿಯಂಗಿಲ್ರಿ. ಮುಂಜಾನಿ ಚಹಾ ಬಿಟ್ರ ಮಧ್ಯಾಹ್ನಕ್ಕ ಕಣ್ಣ ಮುಂದ ಮಿಣಮಿಣ ಅಂತದ. ಉರಿ ಬಿಸಿಲಾಗ ಬಸ್ಸಿಗಿ ನಿಂತು ಮನಿಗಿ ಬರೋದ್ರಾಗ ಶುರು ಆಗೇ ಬಿಟ್ಟಿರ್ತದ. ಉಪವಾಸಕ್ಕೋ, ಬಿಸಿಲಿಗೋ, ಬಸ್ಸಿನ ಹೊಗಿಗೋ, ನನಗೂ ಪಕ್ಕಾ ಗೊತ್ತಿಲ್ರಿ. ಆದ್ರ ಬರೋದು ಶುಕ್ರವಾರನೇ.”

“ಅಷ್ಟು ದಿನದಿಂದ ಬಾಯಿ ಬಿಡಲಾಕ ಏನಾಗಿತ್ತ ನಿನಗ?” ಕ್ಯಾಥರಿನಮ್ಮನ ದನಿ ಏರಿತು.

“ಹ್ಯಾಂಗ ಹೇಳ್ಲಿರಿ? ಅಷ್ಟು ಮಂದಿ ನನ್ನ ಸಲುವಾಗಿ ಹೊಟ್ಟಿ ಕಟ್ಟಿ ಕುಂತಾರ. ಮೊಣಕಾಲು ನೋವಿದ್ದವರು ಸುದ್ದಾ ನೆಲಕ್ಕ ಕುಂಡ್ರತಾರ. ನಿಮ್ಮ ಪ್ರಾರ್ಥನಾದಿಂದೇ ನನಗ ನೋವು ಬರ್ತದ ಅಂತ ಯಾವ ಬಾಯಿಲೆ ಹೇಳ್ಲಿ?” ಎಂದು ಫೇತ ಅತ್ತಳು. ತಾಯಿಯ ಮನೆಯಲ್ಲೂ ಅವಳು ಇದನ್ನು ಹೇಳಿರಲಿಲ್ಲ.

ಬೆಂಜಮಿನ ನಿಧಾನವಾಗಿ ಬಾಯಿ ತೆರೆದ. “ಮೊಬೈಲಿನ್ಯಾಗ ಮೊದಲ್ನೇ ಮಾತೇ ಅದು ಇತ್ತು. ಊಟ ತಪ್ಪಿಸಬ್ಯಾಡ್ರಿ ಅಂತ.”

“ಮತ್ತ ಯಾಕ ಹೇಳಲಿಲ್ಲೋ?”

“ಉಪವಾಸ ಅಂದ್ರ ಊಟ ತಪ್ಪಿಸೋದು ಅಂತ ನನಗ ಅನ್ನಿಸಲೇ ಇಲ್ಲ ಅವ್ವಾ. ಅದು ಪ್ರಾರ್ಥನಾ ಅಲ್ಲಾ?”

ಡಾಕ್ಟರರು ಹೇಳಿದಾಗ ತನಗೂ ಅನ್ನಿಸಿರಲಿಲ್ಲ ಎಂಬುದು ಕ್ಯಾಥರಿನಮ್ಮನಿಗೆ ಆಗ ನೆನಪಾಯಿತು.

ಆ ವಾರವೆಲ್ಲ ಆಕೆಯ ತಲೆಯೇ ಕೆಟ್ಟಿತು. ಸಾರಿಗೆ ಎರಡು ಸಲ ಉಪ್ಪು ಹಾಕಿದರು, ಹಾಲು ಉಕ್ಕಿಸಿದರು. ತಾಯಿ ಉಪವಾಸವಿದ್ದು ಬೇಡಿಕೊಂಡಿದ್ದಕ್ಕೇ ತಾನು ಹುಟ್ಟಿದ್ದು ಎಂದು ಕೇಳಿ ಬೆಳೆದವರು ಅವರು. ಆ ಉಪವಾಸವೇ ಮನೆಯ ಹುಡುಗಿಗೆ ವಿಷವಾಯಿತು ಎಂದರೆ ನಂಬುವುದು ಹೇಗೆ? ನಂಬದಿದ್ದರೆ ಶನಿವಾರದ ಭಾಲ್ಕಿ ಬಸ್ಸು ಕಣ್ಣ ಮುಂದೆ ಬರುತ್ತಿತ್ತು. ಒಂದು ಮುಂಜಾನೆ ಗಂಡನನ್ನು ಕೇಳಿಯೇ ಬಿಟ್ಟರು.

“ಏನ್ರಿ, ಇಷ್ಟು ದಿನ ನಾವು ಬೇಡಿದ್ದು ದೇವರಿಗಿ ಮುಟ್ಯದೋ ಇಲ್ಲೋ?”

“ನಾ ಗಣಿತದ ಮಾಸ್ತರ. ನನಗೇನ್ ಕೇಳ್ತಿ? ಪಾಸ್ಟರ್‌ಗಿ ಕೇಳು.”

ಪಾಸ್ಟರರನ್ನು ಕೇಳಲು ಆಕೆಗೆ ಧೈರ್ಯವಾಗಲಿಲ್ಲ. ಸಾರಮ್ಮನಿಗೆ ಫೋನು ಹಚ್ಚಿ, ಕೂಟ ಬೇಡ ಎಂದು ಹೇಳಲು ಹೋಗಿ, ಮೊಮ್ಮಗನ ನೆಗಡಿ ವಿಚಾರಿಸಿ ಇಟ್ಟುಬಿಟ್ಟರು.

ಶುಕ್ರವಾರ ಬಂತು. ಕ್ಯಾಥರಿನಮ್ಮ ತಾವು ಉಪವಾಸವಿದ್ದುಕೊಂಡೇ ಜೋಳದ ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಫೇತಳ ಡಬ್ಬಿ ಕಟ್ಟಿದರು. ಚಹಾ ಲೋಟವನ್ನೂ ಕೈಗೆ ಕೊಟ್ಟರು. ಫೇತ ಚಹಾ ಕುಡಿದು, ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದಳು. ಸಂಜೆ ಬಂದು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಾಗ ಡಬ್ಬಿ ಭಾರವಾಗಿಯೇ ಇತ್ತು.

“ಉಂಡಿಲ್ಲಾ?”

“ತೆಗದಿದ್ದೆ ಅತ್ತಿ. ನೀವೂ ಸಾರಮ್ಮ ಅಕ್ಕಾರೂ ಎಲ್ಲಾರೂ ಹಸದು ಕುಂತೀರಿ ಅಂತ ನೆನಪಾತು. ತುತ್ತು ಇಳಿಲಿಲ್ಲ.”

ನಡುಮನೆಯಲ್ಲಿ ಹೆಂಗಸರು ಆಗಲೇ ಕೂಡಿದ್ದರು. ಸಾರಮ್ಮ ಹಾಡಿನ ಪುಸ್ತಕ ತೆರೆದಿದ್ದಳು. ಕ್ಯಾಥರಿನಮ್ಮನಿಗೆ ಯಾರ ಮೇಲೆ ಸಿಟ್ಟು ಬಂತೋ ಆಕೆಗೇ ತಿಳಿಯಲಿಲ್ಲ. ಸೊಸೆಯ ಮೇಲೋ, ಸಾರಮ್ಮನ ಮೇಲೋ, ತನ್ನ ಮೇಲೋ. ಉಪವಾಸ ಬಿಡಲು ಬಡಿದಿಟ್ಟಿದ್ದ ಬಿಸಿ ರೊಟ್ಟಿ, ಪುಂಡಿಪಲ್ಯ ತಟ್ಟೆಗೆ ಹಾಕಿಕೊಂಡು, ಫೇತಳ ರಟ್ಟೆ ಹಿಡಿದು ಕರೆದೊಯ್ದು, ಚಾಪೆಯ ನಟ್ಟನಡುವೆ ಕೂರಿಸಿ, ತಟ್ಟೆಯನ್ನು ಅವಳ ಮುಂದಿಟ್ಟರು.

“ಉಣ್ಣು.”

ಪಲ್ಯದ ಬೆಳ್ಳುಳ್ಳಿ ವಾಸನೆ ಕೋಣೆ ತುಂಬಿತು. ಬೆಳಗಿನಿಂದ ಹಸಿದ ಹೆಂಗಸರು ತಟ್ಟೆಯನ್ನೂ ಕ್ಯಾಥರಿನಮ್ಮನ ಮುಖವನ್ನೂ ನೋಡಿದರು.

“ಪ್ರಾರ್ಥನಾ ಆದ ಮ್ಯಾಲ ಉಣ್ತೇನ್ರಿ,” ಎಂದು ಫೇತ ಪಿಸುಗುಟ್ಟಿದಳು. ಎಡಗೈ ಆಗಲೇ ಹಣೆಯ ಕಡೆ ಹೋಗುತ್ತಿತ್ತು.

“ಹೌದಲ್ಲಕ್ಕಾ,” ಎಂದಳು ಸಾರಮ್ಮ. “ಒಂದು ತಾಸಿನ ಮಾತು. ಆಮ್ಯಾಲ ಎಲ್ಲಾರೂ ಕೂಡೇ ಉಣ್ಣಮಲ್ಲ.”

ಕ್ಯಾಥರಿನಮ್ಮ ಮೊಣಕಾಲೂರಿ ಸೊಸೆಯ ಎದುರಿಗೆ ಕೂತರು. ಮದುವೆಯಾದಾಗಿನಿಂದ, ಜ್ವರ ಬಂದ ದಿನವೂ, ತಾಯಿ ತೀರಿಕೊಂಡ ವಾರವೂ ಆಕೆ ಶುಕ್ರವಾರ ಮುರಿದವರಲ್ಲ. ರೊಟ್ಟಿಯ ಅಂಚು ಹರಿದು, ಪಲ್ಯ ಹಚ್ಚಿ, ಎಲ್ಲರೂ ನೋಡುತ್ತಿದ್ದಂತೆ ತಮ್ಮ ಬಾಯಿಗೆ ಇಟ್ಟುಕೊಂಡರು.

“ಕ್ಯಾಥರಿನಕ್ಕಾ!” ಎಂದು ಸಾರಮ್ಮ ಕೂಗಿದಳು.

ಕ್ಯಾಥರಿನಮ್ಮ ತುತ್ತನ್ನು ಅಗಿದು ನುಂಗಿದರು.

“ನಂದು ಮುರೀತು,” ಎಂದರು ಸಾರಮ್ಮನಿಗೆ. “ಪ್ರಾರ್ಥನಾ ಬಿಡಂಗಿಲ್ಲ ನಾ. ಆದ್ರ ಈ ಹುಡುಗಿಗಿ ಹಸದ್ರ ನೋವು ಬರ್ತದ, ನಾವು ಉಣ್ಣದಿದ್ರ ಆಕಿ ಉಣ್ಣಂಗಿಲ್ಲ. ಸರಿನೋ ತಪ್ಪೋ ನನಗ ತಿಳೀವಲ್ದವ್ವಾ. ತಪ್ಪಿದ್ರ ಕರ್ತನು ನನ್ನ ಕೇಳ್ಲಿ.” ಆಮೇಲೆ ಸೊಸೆಯ ಕಡೆ ತಿರುಗಿ, “ಈಗರೇ ಉಣ್ಣವ್ವಾ,” ಎಂದರು.

ಫೇತ ತುತ್ತು ಮುರಿದಳು. ಒಂದು, ಇನ್ನೊಂದು. ಹೆಂಗಸರು ಅವಳ ಮುಖವನ್ನೇ ನೋಡುತ್ತಿದ್ದರು, ನೋವು ಎಲ್ಲಿಂದ ಬರುತ್ತದೆ ಎಂದು ಕಾಯುವವರ ಹಾಗೆ. ಬಾಗಿಲಲ್ಲಿ ಬೆಂಜಮಿನ ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದ. ನೋವು ಬರುತ್ತದೋ ಇಲ್ಲವೋ ಫೇತಳಿಗೂ ಗೊತ್ತಿರಲಿಲ್ಲ. ಹಸಿವು ಮಾತ್ರ ಗೊತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಗ್ಗಿ ಬಗ್ಗಿ ತಿಂದಳು.

ತಟ್ಟೆ ಬರಿದಾಯಿತು. ಈ ಮನೆಗೆ ಬಂದಾಗಿನಿಂದ ಹಾಕಿದ್ದನ್ನು ಉಂಡು ಎದ್ದವಳೇ ಹೊರತು ಅವಳು ತನ್ನ ಬಾಯಿಂದ ಏನನ್ನೂ ಕೇಳಿದವಳಲ್ಲ.

“ಅತ್ತಿ,” ಎಂದಳು, “ಇನ್ನೊಂದು ರೊಟ್ಟಿ ಹಾಕ್ರಿ.”